ದಮ್ಮು ಇದ್ದವರನ್ನು ಕೂರಿಸಿಬಿಡಬೇಡಿ

ನಮಸ್ಕಾರ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಕಲ್ಲಿನ ಖಣಿಯಲ್ಲಿ, ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಪಾಲಿಶ್ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವರ ಮನೆಗೆ ಹೋಗಿ ನೋಡಿ. "ಅಪ್ಪಗ ದಮ್ಮು ಅದ್ರಿ, ಹೊರಗ ಎಲ್ಲೂ ಹೋಗಲ್ಲ" ಅನ್ನುತ್ತಾರೆ. ದಮ್ಮು ಅಂದರೆ ಉಸಿರಾಟದ ತೊಂದರೆ. ಕುಡಿಯುವ ನೀರೂ ಅವರ ಕೈಗೇ ಬರುತ್ತದೆ. ಮನೆಯವರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಹೀಗೆ ಕೂರಿಸುವುದರಿಂದ ಆ ಮನುಷ್ಯ ಇನ್ನಷ್ಟು ಸೊರಗುತ್ತಾನೆ.

ಯಾಕೆ ಅಂತ ಹೇಳುತ್ತೇನೆ. ಉಸಿರು ಹತ್ತುತ್ತದೆ ಎಂದು ನಡೆಯುವುದು ಬಿಟ್ಟರೆ ತೊಡೆಯ ಸ್ನಾಯು ಕರಗುತ್ತದೆ. ಶಕ್ತಿ ಕಳೆದುಕೊಂಡ ಸ್ನಾಯು ಬೇಗ ಸುಸ್ತಾಗುತ್ತದೆ, ಅಷ್ಟೇ ದೂರಕ್ಕೆ ಜಾಸ್ತಿ ಗಾಳಿ ಕೇಳುತ್ತದೆ. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಆಮೇಲೆ ಬಚ್ಚಲಿಗೆ ಹೋದರೂ ಬರುತ್ತದೆ. ಸಿಒಪಿಡಿ (ಉಸಿರಿನ ಕೊಳವೆ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಆಗಲಿ, ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಆಗಲಿ, ಹಾಳಾದ ಶ್ವಾಸಕೋಶವನ್ನು ವ್ಯಾಯಾಮ ಸರಿಮಾಡುವುದಿಲ್ಲ. ಆದರೆ ಕಾಲು ಗಟ್ಟಿಯಾದರೆ ಅದೇ ಶ್ವಾಸಕೋಶದಲ್ಲಿ ಜಾಸ್ತಿ ದೂರ ನಡೆಯಬಹುದು. ಇದಕ್ಕೆ ಪುರಾವೆ ಇದೆ, ವೈದ್ಯರಿಗೂ ಗೊತ್ತಿದೆ. ಆದರೂ ನಮ್ಮ ಕಡೆ ಚೀಟಿಯಲ್ಲಿ ಇನ್ಹೇಲರ್ ಇರುತ್ತದೆ, ನಡಿಗೆ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

"ಜೀವಮಾನವಿಡೀ ಮೈ ಮುರಿದು ದುಡಿದವರಿಗೆ ಇನ್ನೆಂಥ ವ್ಯಾಯಾಮ?" ಎಂದು ಕೇಳುವವರಿದ್ದಾರೆ. ಆ ದುಡಿಮೆ ವ್ಯಾಯಾಮವಲ್ಲ. ಕಟಿಂಗ್ ಮಶಿನ್ ಮುಂದೆ ನಿಂತವರನ್ನು ಒಮ್ಮೆ ಹತ್ತಿರದಿಂದ ನೋಡಿ. ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತವೆ. ಮುಖಕ್ಕೆ ಕಟ್ಟಿಕೊಂಡ ಟವೆಲ್ ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಎದೆಯ ಆಳಕ್ಕೆ ಇಳಿಯುವ ಧೂಳು ಕಣ್ಣಿಗೇ ಕಾಣುವುದಿಲ್ಲ. ಭಾರ ಎತ್ತುವಾಗ ಉಸಿರಾಟ ಎಷ್ಟೋ ಪಟ್ಟು ಹೆಚ್ಚುತ್ತದೆ, ಬಾಯಿಂದ ಉಸಿರು ಎಳೆಯುತ್ತಾರೆ, ಮೂಗಿನ ಸೋಸುವಿಕೆ ತಪ್ಪಿಹೋಗುತ್ತದೆ. ದಣಿದಷ್ಟೂ ಧೂಳು ಒಳಗೆ ಹೋಗುತ್ತದೆ. ವ್ಯಾಯಾಮದಲ್ಲಿ ಸಾಕೆನಿಸಿದಾಗ ನಿಲ್ಲಬಹುದು, ಲೋಡ್ ತುಂಬುವವರು ನಿಲ್ಲುವಂತಿಲ್ಲ. ದಾಲ್ ಮಿಲ್‌ನಲ್ಲೂ ಇದೇ ಪಾಡು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಅಧಿಕೃತ ಗುರುತು) ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಬೇಳೆಯ ಹೊಟ್ಟಿನ ಧೂಳು ಕುಡಿಯುವವರ ಎದೆಯನ್ನು ಯಾರು ಪರೀಕ್ಷೆ ಮಾಡಿಸಿದರು?

ಸರಿ, ಏನು ಮಾಡಬೇಕು? ಇದಕ್ಕೆ ದೊಡ್ಡ ಜಿಮ್ ಬೇಡ. ದವಾಖಾನೆಯಲ್ಲಿ 30 ಮೀಟರ್ ವರಾಂಡ, ಒಂದು ಗಡಿಯಾರ, ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್, ಎರಡು ಕುರ್ಚಿ ಸಾಕು. 6 ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆದು ಅಲ್ಲಿಂದ ಶುರು ಮಾಡಬಹುದು. ವಾರಕ್ಕೆ ಎರಡು ಮೂರು ಸಲ, 6ರಿಂದ 8 ವಾರ. ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಎತ್ತುವುದು. ಉಸಿರು ಹತ್ತಿದರೆ ನಿಂತು, ಮೂಗಿನಿಂದ ಎಳೆದು, ಬಿಸಿ ಚಹಾ ಆರಿಸುವಂತೆ ತುಟಿ ಮಾಡಿ ನಿಧಾನಕ್ಕೆ ಬಿಡಬೇಕು. ಒಂದು ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಸ್ವಲ್ಪ ಏದುಸಿರು ಬಂದರೆ ಹೆದರಬೇಡಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಹಾಗಾಗಿ ಮುಂಜಾನೆಯೇ ಮುಗಿಸಿ. ಕಲಬುರಗಿಯಲ್ಲಿದ್ದರೆ ಅಪ್ಪನ ಕೆರೆ ಇದೆ, ಅಲ್ಲಿ ಕೂರಲು ಜಾಗವೂ ಇದೆ.

ಒಂದು ಎಚ್ಚರಿಕೆ. ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಅಂಟುವ ಅಪಾಯ ಜಾಸ್ತಿ. ಕೆಮ್ಮು ಬಿಡದಿದ್ದರೆ ಕಫ ಪರೀಕ್ಷೆ ಆಗಲೇಬೇಕು.

ವ್ಯಾಯಾಮ ಹೇಳಿಕೊಟ್ಟು ಮತ್ತೆ ಅದೇ ಧೂಳಿಗೆ ಕಳಿಸಿದರೆ ಅನ್ಯಾಯ. ಕತ್ತರಿಸುವಾಗ ಕಲ್ಲಿಗೆ ನೀರು ಬಿಟ್ಟರೆ ಧೂಳು ಬಹಳಷ್ಟು ಕಡಿಮೆಯಾಗುತ್ತದೆ, ಇದು ಮಾಲೀಕರ ಕೈಯಲ್ಲಿದೆ. ಕಾನೂನಿನ ಪ್ರಕಾರ ಕಾರ್ಖಾನೆ ಕೆಲಸಗಾರನಿಗೆ ಸಿಲಿಕೋಸಿಸ್ ಎಂದು ಕಂಡರೆ ವೈದ್ಯರು ಕಾರ್ಖಾನೆಗಳ ಇಲಾಖೆಗೆ ವರದಿ ಮಾಡಲೇಬೇಕು. ದವಾಖಾನೆಗೆ ಹೋದಾಗ "ಎಷ್ಟು ವರ್ಷದಿಂದ ಯಾವ ಕೆಲಸ ಮಾಡಿದ್ದೇನೆ" ಎಂದು ನೀವೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಬರೀ ಬೀಡಿ ಸೇದುತ್ತೀರಾ ಎಂದು ಕೇಳಿ ಕಳಿಸಿಬಿಟ್ಟರೆ ಒಪ್ಪಬೇಡಿ. ಹಾಗೇ, "ಡಾಕ್ಟ್ರೇ, ನಾನು ದಿನಾ ಎಷ್ಟು ನಡೆಯಬೇಕು?" ಎಂದೂ ಕೇಳಿ.