ಮೂರು ಗಿಡ ನಡೆಯುತ್ತದಂತಲ್ಲ, ವಕೀಲ ಸಾಹೇಬರೇ?

ಹಾವೇರಿಯ ರೈತ ಬಂಧುಗಳಿಗೂ, ಹಿಂದಿನ ಸಾಲಿನಲ್ಲಿ ಮೊಬೈಲಿಗೆ ತಲೆಬಾಗಿರುವ ತರುಣರಿಗೂ ನಮಸ್ಕಾರ.

ಇಂದಿನ ವಿಷಯ ಗಾಂಜಾ ಬೆಳೆ ಮತ್ತು ಕಾನೂನು. ಕರಪತ್ರ ನೋಡಿದ ನನ್ನ ಮನೆಯವರು ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ’ ಎಂದರು. ಬೇಕು. ಈಚೆಗೆ ಮೂವರು ಹುಡುಗರು ಬೇರೆಬೇರೆಯಾಗಿ ಬಂದು ಒಂದೇ ಮಾತು ಕೇಳಿದ್ದಾರೆ: ‘ಮನೆಗೆ ಮೂರು ಗಿಡ ನಡೆಯುತ್ತದಂತಲ್ಲ, ವಕೀಲ ಸಾಹೇಬರೇ?’ ನಡೆಯುತ್ತದೆ, ಜರ್ಮನಿಯಲ್ಲಿ! 2024ರ ಏಪ್ರಿಲ್‌ನಿಂದ ಅಲ್ಲಿ ವಯಸ್ಕರು ತಲಾ ಮೂರು ಗಿಡ ಬೆಳೆಸಬಹುದು. ಕೆನಡಾದಲ್ಲಿ ಮನೆಗೆ ನಾಲ್ಕು. ಆ ದೇಶದೊಳಗೇ ಕ್ವಿಬೆಕ್ ಪ್ರಾಂತ್ಯ ಒಂದಕ್ಕೂ ಒಪ್ಪುವುದಿಲ್ಲ. ಮೊಬೈಲಿನಲ್ಲಿ ಕಾಣುವ ಹಿತ್ತಲು ಅವರದು. ನಮ್ಮ ಹಿತ್ತಲಿಗೆ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, ಬೇಲಿ ಹಾಕಿದೆ.

ಆ ಕಾಯ್ದೆಯ 8ನೆಯ ಕಲಮು ಗಾಂಜಾ ಗಿಡ ಬೆಳೆಯಕೂಡದು ಎನ್ನುತ್ತದೆ. ಕುಂಡವೋ, ಹೊಲವೋ ಎಂಬ ಭೇದವಿಲ್ಲ. 20ನೆಯ ಕಲಮಿನಲ್ಲಿ ಶಿಕ್ಷೆ: 10 ವರ್ಷದವರೆಗೆ ಕಠಿಣ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ‘ಒಂದು ಕಿಲೋದವರೆಗೆ ಸಣ್ಣ ಪ್ರಮಾಣ, ಶಿಕ್ಷೆ ಕಡಿಮೆಯಲ್ಲವೇ’ ಎಂದು ಜಾಣರು ಕೇಳುತ್ತಾರೆ. ಆ ತಕ್ಕಡಿ ಗಾಂಜಾ ಇಟ್ಟುಕೊಂಡವನಿಗೆ, ಮಾರಿದವನಿಗೆ. ಬೆಳೆದವನಿಗೆ ತಕ್ಕಡಿಯೇ ಇಲ್ಲ. ಗಿಡ ಎಷ್ಟು ಎನ್ನುವುದು ಆಮೇಲಿನ ಮಾತು. ಮೊದಲ ಪ್ರಶ್ನೆ, ಪರವಾನಗಿ ಎಲ್ಲಿ?

ಇಲ್ಲಿ ನಮ್ಮ ಸೋದರತ್ತೆಯ ಕಥೆ ಹೇಳಲೇಬೇಕು. ಹತ್ತಿ ಹೊಲದ ಬದುವಿನಲ್ಲಿ ಅತ್ತೆ ನಾಲ್ಕು ಸಾಲು ಪುಂಡಿ ಹಾಕಿದ್ದರು. ಪಕ್ಕದ ಹೊಲದವನಿಗೂ ಅವರಿಗೂ ಅದೇ ಬದುವಿನ ಮೇಲೆ ಹಳೆಯ ಜಗಳ. ಪುಂಡಿ ಎಲೆ ಬೆಳೆದಂತೆ ಐದು ಬೆರಳಾಗಿ ಸೀಳುತ್ತದೆ, ಅಂಚು ಗರಗಸ. ಅದರ ಶಾಸ್ತ್ರೀಯ ಹೆಸರಿನಲ್ಲೇ ‘ಕ್ಯಾನಬಿನಸ್’ ಎಂದಿದೆ. ಗಾಂಜಾವನ್ನು ಹೋಲುವುದರಿಂದ ಬಂದ ಹೆಸರು. ಯಾರು ಸುದ್ದಿ ಮುಟ್ಟಿಸಿದರೆಂದು ನಾನು ಹೇಳಬೇಕಿಲ್ಲ. ಇಬ್ಬರು ಪೊಲೀಸರು ಬಂದರು. ಅತ್ತೆ ಕುರ್ಚಿಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಎಳೆ ಎಲೆ ಕಿತ್ತು ಚಾಚಿದರು: ‘ತಮ್ಮಾ, ಬಾಯಿಗೆ ಹಾಕಿಕೊಂಡು ನೋಡು. ಹುಳಿ ಬಂದರೆ ಗಿಡ ನನ್ನದು, ಅಮಲು ಬಂದರೆ ನಿನ್ನದು.’ ಅವನು ಅಗಿದ. ಮುಖ ಹಿಂಡಿಕೊಂಡದ್ದೇ ಪಂಚನಾಮೆ! ಹೋಗುವಾಗ ಇಬ್ಬರ ಕೈಯಲ್ಲೂ ಒಂದೊಂದು ಕಟ್ಟು ಪುಂಡಿ. ನಗಬೇಡಿ. ಅತ್ತೆಯನ್ನು ಉಳಿಸಿದ್ದು ಆ ಹುಳಿ. ಅದು ನಿಜವಾದ ಗಾಂಜಾ ಆಗಿದ್ದರೆ, ನಾಲ್ಕು ಸಾಲಲ್ಲ, ನಾಲ್ಕೇ ಗಿಡವಿದ್ದರೂ ಪ್ರಶ್ನೆ ಅದೇ: ಪರವಾನಗಿ ಎಲ್ಲಿ?

ಇನ್ನು ವಾಣಿಜ್ಯ ಬೆಳೆ. ಬಾಗಿಲು ಪೂರ್ತಿ ಮುಚ್ಚಿಲ್ಲ. 10ನೆಯ ಕಲಮು ರಾಜ್ಯ ಸರ್ಕಾರಕ್ಕೆ ಅನುಮತಿ ಕೊಡುವ ಅಧಿಕಾರ ಕೊಟ್ಟಿದೆ. 14ನೆಯದು ನಾರಿಗೆ, ಬೀಜಕ್ಕೆ ಸರ್ಕಾರದ ಅನುಮತಿಯ ದಾರಿ ಇಟ್ಟಿದೆ. ಉತ್ತರಾಖಂಡ 2018ರಲ್ಲಿ ಈ ದಾರಿ ಹಿಡಿಯಿತು: ಅಮಲಿನ ಅಂಶವಾದ ಟಿಎಚ್‌ಸಿ ಶೇ. 0.3 ಮೀರದ ಕೈಗಾರಿಕಾ ತಳಿ. ಅಲ್ಲಿನ ಕಾಗದ ತಂದು ಬ್ಯಾಡಗಿಯ ಮೆಣಸಿನ ಹೊಲದಲ್ಲಿ ತೋರಿಸಿದರೆ ನಡೆಯುವುದಿಲ್ಲ. 2021ರಿಂದ ಇದರ ಬೀಜಕ್ಕೆ ಆಹಾರವೆಂಬ ಮಾನ್ಯತೆಯೂ ಇದೆ. ಅದು ತಿನ್ನಲು; ಬಿತ್ತಲು ಅಲ್ಲ. ‘ಎಕರೆಗೆ ಲಕ್ಷ ಲಕ್ಷ’ ಎಂದು ಬೀಜ ಮಾರಲು ಬಂದವನಿಗೆ ಚಹಾ ಕೊಡಿ, ಮುಂಗಡ ಕೊಡಬೇಡಿ.

ಇದೇ ಗಿಡದ ಎಲೆಯಿಂದ ಮಾಡುವ ಭಂಗಿಯ ಮಾತೂ ಇತ್ತು. ಹೂವಿನ ತೆನೆಯಿಲ್ಲದ ಬರೀ ಎಲೆ ಗಾಂಜಾದ ವ್ಯಾಖ್ಯೆಗೆ ಸೇರುವುದಿಲ್ಲ. ಆದರೆ ಎಲೆ ಬಿಡುವ ಗಿಡ ಬೆಳೆದರೆ ಅಪರಾಧವೇ. ಇದರ ಮೇಲೆ ಒಂದು ತಾಸು ಮಾತನಾಡಬಹುದು. ಅಧ್ಯಕ್ಷರು ಎರಡನೆಯ ಚೀಟಿ ಕಳಿಸಿದ್ದಾರೆ.

ಹೊಲ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟವರು ಮಾತ್ರ ಇದೊಂದನ್ನು ಕೇಳಿಕೊಂಡು ಏಳಿ. ಗೋವಿನಜೋಳದ ನಡುವೆ ಯಾರೋ ನಾಲ್ಕು ಗಿಡ ಎಬ್ಬಿಸಿದ್ದಾರೆಂದು ಗೊತ್ತಾದ ಕೂಡಲೇ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ 46ನೆಯ ಕಲಮು ಹೊಲದ ಒಡೆಯನನ್ನೇ ಹಿಡಿಯುತ್ತದೆ. ಪಂಚಾಯಿತಿಯವರಿಗೂ ಇಂಥದೇ ಹೊಣೆ ಇದೆ, 47ರಲ್ಲಿ. ಹಿಂದೆ ಕೈ ಎತ್ತಿದ ತಮ್ಮ, ಕೇಳಪ್ಪಾ. ಮೂರು ಗಿಡದ ಪ್ರಶ್ನೆ ಬೇಡ.