ಬೀಳೋ ಕೆಲಸ ಒನಕೆದು

ಕೇಳುಗರಿಗೆ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಕೊಂಡವರು ಒಲೆ ಆರಿಸಿ ಬರಬೇಕಾಗಿಲ್ಲ, ಅಲ್ಲಿಂದಲೇ ಕೇಳಿ. ಇವತ್ತಿನ ವಿಷಯ ಪ್ರಚ್ಛನ್ನ ಶಕ್ತಿ ಮತ್ತು ಚಲನ ಶಕ್ತಿ. ಹೆಸರಿಗೆ ಹೆದರಬೇಡಿ. ಹೆಸರಿಡುವ ಮುಂಚೆ ನಮ್ಮಜ್ಜಿಯನ್ನು ಒಂದು ಮಾತು ಕೇಳಿದ್ದರೆ ಇಷ್ಟು ಬಿಗಿಯಾದ ಹೆಸರು ಬರುತ್ತಿರಲಿಲ್ಲ.

ಅಜ್ಜಿ ಮನೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದರು. ನೆನೆಸಿ ಹುರಿದ ಭತ್ತ, ಬಿಸಿ ಆರುವ ಮುಂಚೆ ಕುಟ್ಟಬೇಕು. ಒಂದೇ ಒರಳಿಗೆ ಎರಡು ಒನಕೆ. ಅಜ್ಜಿಯದು ಏರಿದಾಗ ಚಿಕ್ಕಮ್ಮನದು ಇಳಿಯುತ್ತಿತ್ತು. ಒಂದು ದಿನ ಚಿಕ್ಕಮ್ಮ ಎದ್ದು ಹೋದರು, ಹತ್ತು ವರ್ಷದ ನಾನು ಒನಕೆ ಹಿಡಿದೆ. ಅರ್ಧ ಗೇಣು ಎತ್ತುವುದು, ಹಲ್ಲು ಕಚ್ಚಿ ಕೆಳಕ್ಕೆ ಒತ್ತುವುದು. ಇಪ್ಪತ್ತು ಏಟಿಗೆ ಅಂಗೈಯಲ್ಲಿ ಬೊಬ್ಬೆ. ಭತ್ತ ಮಾತ್ರ ಹಾಗೇ ಕೂತಿತ್ತು. ಅಜ್ಜಿ ನಕ್ಕು, ‘ಮಂಕೇ, ಯಾಕೋ ತಳ್ತೀಯ? ಎದೆ ಮಟ್ಟಕ್ಕೆ ಎತ್ತು, ಕೈ ಸಡಿಲ ಬಿಡು. ಬೀಳೋ ಕೆಲಸ ಒನಕೆದು’ ಎಂದರು.

ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದೆ. ಇದಕ್ಕಿಂತ ಚೆನ್ನಾಗಿ ಹೇಳುವ ಪುಸ್ತಕ ನನ್ನ ಕೈಗೆ ಸಿಕ್ಕಿಲ್ಲ. ಎತ್ತುವಾಗ ನಿಮ್ಮ ತೋಳು ಕೊಟ್ಟದ್ದು ಮೇಲಿರುವ ಒನಕೆಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ, ಅದು ಪ್ರಚ್ಛನ್ನ. ಬಿಟ್ಟಾಗ ಅದೇ ವೇಗವಾಗಿ ಇಳಿಯುತ್ತದೆ, ಅದು ಚಲನ. ಹೊಸದಾಗಿ ಏನೂ ಹುಟ್ಟುವುದಿಲ್ಲ, ಎತ್ತಿದ್ದೇ ಬೀಳುವುದು. ಮಕ್ಕಳು ಎರಡು ಸೂತ್ರ ಬಾಯಿಪಾಠ ಒಪ್ಪಿಸಿ ಇದೊಂದನ್ನು ಬಿಟ್ಟುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಹದಿನೈದು ಮೀಟರ್ ಎತ್ತರದ ತೆಂಗಿನ ಮರದಿಂದ ಕಾಯಿ ಬಿತ್ತು ಅನ್ನಿ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಅದನ್ನು ಯಾರು ಎತ್ತಿದರು? ಮರವೇ ಎತ್ತಿತು, ತಿಂಗಳುಗಟ್ಟಲೆ, ಬಿಸಿಲು ಕುಡಿದು. ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರು ಬಿದ್ದು ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತಲ್ಲ, ಆ ನೀರನ್ನು ಕೊಡಗಿನ ಬೆಟ್ಟಕ್ಕೆ ಹೊತ್ತು ಹಾಕಿದ್ದೂ ಸೂರ್ಯನೇ. ನಿಮ್ಮ ಮನೆ ಮೇಲಿನ ಟ್ಯಾಂಕಿಗೆ ಎತ್ತಿದ್ದು ಮೋಟರು. ಸಾವಿರ ಲೀಟರ್ ನೀರು ಹತ್ತು ಮೀಟರ್ ಮೇಲೆ ಕೂತರೆ ಅದರಲ್ಲಿರುವ ಶಕ್ತಿ ಒಂದು ಮೊಬೈಲನ್ನು ಎರಡು ಸಲ ಪೂರ್ತಿ ಚಾರ್ಜ್ ಮಾಡುವುದಕ್ಕೂ ಸಾಲದು. ಕರೆಂಟಿಗೆ ಅಷ್ಟು ದೊಡ್ಡ ಅಣೆಕಟ್ಟು ಯಾಕೆ ಬೇಕು ಅಂತ ಈಗ ಗೊತ್ತಾಯಿತೇ?

ಗಾಜಿನಾಚೆ ಕೈ ತೋರಿಸುತ್ತಿದ್ದಾರೆ. ಕೀಲಿ ಕೊಡುವ ಗಡಿಯಾರ, ಕವಣೆ, ಉಯ್ಯಾಲೆ ಎಲ್ಲ ಉಳಿದೇ ಹೋಯಿತು, ಒನಕೆಯೇ ಸಮಯ ತಿಂದುಬಿಟ್ಟಿತು. ಬೈಕಿನ ಮಾತೊಂದು ಹೇಳಿಬಿಡುತ್ತೇನೆ. 40ರ ವೇಗದಲ್ಲಿ ಗೋಡೆಗೆ ಗುದ್ದುವುದು ಎರಡನೇ ಮಹಡಿಯಿಂದ ಬಿದ್ದ ಹಾಗೆ. 80ರಲ್ಲಿ ನಾಲ್ಕನೆಯದೇ? ಅಲ್ಲ, ಎಂಟನೆಯದು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಅಲ್ಲಿಗೆ ನಿಮ್ಮನ್ನು ಎತ್ತಿದ್ದು ಪೆಟ್ರೋಲು. ಪೆಟ್ರೋಲಿಗೆ ಅದು ಎಲ್ಲಿಂದ ಬಂತು ಅನ್ನುವುದಕ್ಕೆ ಇನ್ನೂ ಹತ್ತು ನಿಮಿಷ ಬೇಕು, ಇವರು ಕೊಡುವುದಿಲ್ಲ. ನಮಸ್ಕಾರ.