ಫೇಲಾದವರಿಗೆ ಮೊದಲ ಸೀಟು

ನಮಸ್ಕಾರ, ಕೇಳುಗರೇ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ತುಂಬ ರ‍್ಯಾಂಕ್ ಪಡೆದವರ ಬಾಯಿಗೆ ಸಿಹಿ ತಿನ್ನಿಸುವ ಚಿತ್ರಗಳಿರುತ್ತವೆ. ಅದೇ ಬೀದಿಯಲ್ಲಿ ಫೇಲಾದ ಹುಡುಗ ಎಲ್ಲಿದ್ದಾನೆ ಎಂದು ಕೇಳುವವರು ಕಡಿಮೆ. ಅಂಥ ಹುಡುಗನನ್ನೇ ಹುಡುಕಿ ಸೇರಿಸಿಕೊಳ್ಳುವ ಒಂದು ವಸತಿ ಶಾಲೆ ಲಡಾಖಿನಲ್ಲಿದೆ. ಲೇಹ್ ಪಟ್ಟಣದಿಂದ ತುಸು ದೂರ, ಸಿಂಧೂ ನದಿಯ ಪಕ್ಕದ ಫೇ ಎಂಬ ಹಳ್ಳಿಯ ಬಳಿ. ಹೆಸರು ಸೆಕ್ಮೋಲ್. ಹತ್ತನೆಯ ತರಗತಿಯಲ್ಲಿ ನಪಾಸಾಗಿರುವುದೇ ಅಲ್ಲಿ ಪ್ರವೇಶಕ್ಕೆ ದೊಡ್ಡ ಅರ್ಹತೆ.

1988ರಲ್ಲಿ ಸೋನಂ ವಾಂಗ್ಚುಕ್ ಎಂಬ ಯುವ ಇಂಜಿನಿಯರ್ ತಮ್ಮ ಗೆಳೆಯರೊಂದಿಗೆ ಸೇರಿ ಈ ಸಂಸ್ಥೆಯನ್ನು ಕಟ್ಟಿದರು. ಆ ಕಾಲದಲ್ಲಿ ಲಡಾಖಿನ ನೂರು ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆ ಬರೆದರೆ ಸುಮಾರು 95 ಮಂದಿ ನಪಾಸಾಗುತ್ತಿದ್ದರು. ನೂರಕ್ಕೆ 95 ಮಂದಿ ದಡ್ಡರಿರುವ ಸೀಮೆ ಭೂಮಿಯ ಮೇಲೆ ಇರಲಾರದು. ಕಾರಣ ಬೇರೆಯೇ ಇತ್ತು. ಮಕ್ಕಳಿಗೆ ಮನೆಯಲ್ಲಿ ಲಡಾಖಿ, ಶಾಲೆಯಲ್ಲಿ ಎಂಟನೆಯವರೆಗೆ ಉರ್ದು, ಒಂಬತ್ತಕ್ಕೆ ಕಾಲಿಟ್ಟ ಕೂಡಲೇ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿ ಪಿಯು ವಿಜ್ಞಾನದ ಮೊದಲ ಪಾಠಕ್ಕೆ ಕೂತವರಿಗೆ ಈ ಪೆಟ್ಟನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ವಾಂಗ್ಚುಕ್ ಕೂಡ ಅದನ್ನು ಉಂಡವರೇ. ಶ್ರೀನಗರದ ಶಾಲೆಯಲ್ಲಿ ಮಾತು ಅರ್ಥವಾಗದೆ ಸುಮ್ಮನೆ ಕೂರುತ್ತಿದ್ದ ಆ ಹುಡುಗನನ್ನು ದಡ್ಡನೆಂದೇ ಎಣಿಸಿದ್ದರು.

'ಅಯ್ಯೋ ಪಾಪ' ಎನ್ನುವ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮರುಕದಿಂದ ಹದಿನಾರರ ಹುಡುಗ ಇನ್ನಷ್ಟು ಕುಗ್ಗುತ್ತಾನೆ ಎಂಬುದು ನನ್ನ ಅಭಿಪ್ರಾಯ. ಸೆಕ್ಮೋಲ್ ಮರುಗುತ್ತಾ ಕೂರುವುದಿಲ್ಲ, ಕೆಲಸ ವಹಿಸುತ್ತದೆ. ಅಲ್ಲಿನ ಹಸುಗಳು, ತರಕಾರಿ ತೋಟ, ಅಡುಗೆಮನೆ, ಸೌರ ವಿದ್ಯುತ್ತಿನ ಉಸ್ತುವಾರಿ ಎಲ್ಲವೂ ಮಕ್ಕಳ ಪಾಲಿನವು. ಯಾರಿಗೆ ಯಾವ ಹೊಣೆ ಎಂಬುದನ್ನು ಅವರೇ ಸೇರಿ ತೀರ್ಮಾನಿಸುತ್ತಾರೆ. ಕೆಲವು ತಿಂಗಳಿಗೊಮ್ಮೆ ಹೊಣೆ ಕೈ ಬದಲಾಯಿಸುತ್ತದೆ. ಮನೆಯಲ್ಲಿ 'ನಿನ್ನ ಕೈಯಲ್ಲಿ ಏನೂ ಆಗುವುದಿಲ್ಲ' ಎಂದು ಬೈಸಿಕೊಂಡು ಬಂದವನು ದೀಪ ಆರಿದರೆ ಎಲ್ಲರಿಗೂ ಉತ್ತರ ಹೇಳಬೇಕಾದವನಾಗುತ್ತಾನೆ.

ಕಟ್ಟಡವೇ ಒಂದು ಪಾಠ. ದಕ್ಷಿಣಕ್ಕೆ ಮುಖ ಮಾಡಿದ ದಪ್ಪ ಮಣ್ಣಿನ ಗೋಡೆಗಳು ಹಗಲೆಲ್ಲ ಬಿಸಿಲು ಹೀರುತ್ತವೆ. ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದರೂ ಒಳಗೆ ಒಲೆ ಹಚ್ಚದೆಯೇ 15 ಡಿಗ್ರಿ ಬೆಚ್ಚಗಿರುತ್ತದೆ. ವಿಜ್ಞಾನದಲ್ಲಿ ನಪಾಸಾದವರು ಆ ಗೋಡೆಗೆ ಬೆನ್ನು ಕೊಟ್ಟು ಕೂತು ಶಾಖದ ಪಾಠ ಓದುತ್ತಾರೆ.

ಇಲ್ಲಿ ಕಲಿತವರಲ್ಲಿ ಒಬ್ಬರು ಸ್ಟ್ಯಾಂಜಿನ್ ದೋರ್ಜಾಯ್. ಹತ್ತನೆಯ ತರಗತಿ ಅವರಿಗೆ ಒಂದೇ ಏಟಿಗೆ ಒಲಿಯಲಿಲ್ಲ. ಮುಂದೆ ಅವರು ಸಾಕ್ಷ್ಯಚಿತ್ರ ನಿರ್ದೇಶಕರಾದರು. ಹಿಮದ ಬೆಟ್ಟಗಳಲ್ಲಿ ಕುರಿ ಮೇಯಿಸುವ ತಮ್ಮ ಅಕ್ಕನನ್ನು ಕುರಿತು ಅವರು ಮಾಡಿದ ಚಿತ್ರ ಹೊರದೇಶಗಳಲ್ಲೂ ಹೆಸರು ಮಾಡಿತು.

1994ರಿಂದ ಸಂಸ್ಥೆ ಸರ್ಕಾರದ ಜೊತೆ ಸೇರಿ ಹಳ್ಳಿ ಶಾಲೆಗಳನ್ನು ಸುಧಾರಿಸಲು ಹೊರಟಿತು. ಶಿಕ್ಷಕರಿಗೆ ತರಬೇತಿ ಕೊಟ್ಟರು, ಊರವರ ಶಿಕ್ಷಣ ಸಮಿತಿಗಳನ್ನು ಕಟ್ಟಿದರು, ಲಡಾಖಿನ ಬದುಕಿಗೆ ಹೊಂದುವ ಪುಸ್ತಕಗಳನ್ನು ಬರೆಸಿದರು. 2015ರ ಹೊತ್ತಿಗೆ ಪಾಸಾಗುವವರ ಪ್ರಮಾಣ ಶೇಕಡ 75ರ ಆಸುಪಾಸಿಗೆ ಬಂತು. ಪ್ರಶ್ನೆಪತ್ರಿಕೆ ಬಿಗಿಯೋ ಸಡಿಲವೋ ಎಂಬ ತಕರಾರು ಇಂಥ ಅಂಕಿಗಳ ಹಿಂದೆ ಯಾವಾಗಲೂ ಇದ್ದದ್ದೇ. ಆದರೂ ಐದರಿಂದ ಎಪ್ಪತ್ತೈದು ಸಣ್ಣ ನೆಗೆತವಲ್ಲ.

ನಮ್ಮಲ್ಲಿ ಪ್ರತಿ ಶಾಲೆಯೂ ಮಕ್ಕಳನ್ನು ಹಗಲಿರುಳು ಇರಿಸಿಕೊಳ್ಳಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ 2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಬಿದ್ದವನು ಎರಡನೆಯದು ಬರುವವರೆಗೆ ಮನೆಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂರಬೇಕೇ? ಶಾಲೆಗೆ ಕರೆಸಿ, ಗಣಿತದ ಜೊತೆಗೆ ಗ್ರಂಥಾಲಯದ ಬೀಗದ ಕೈಯನ್ನೋ ಕೈತೋಟದ ಲೆಕ್ಕವನ್ನೋ ಅವನಿಗೆ ಒಪ್ಪಿಸಬಹುದು. ಇದಕ್ಕೆ ಇಲಾಖೆಯ ಸುತ್ತೋಲೆಗಾಗಿ ಕಾಯಬೇಕಾಗಿಲ್ಲ. ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದರೆ ನಾಳೆಯೇ ಆಗುತ್ತದೆ.

ನಮಸ್ಕಾರ.